ಬಿದ್ದ ಸಿಸ್ಟರನ್ನು ಎಬ್ಬಿಸಬೇಡಿ

ಮಧ್ಯಾಹ್ನ ಎರಡು ಗಂಟೆ ಐದು ನಿಮಿಷ. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು, ಹಾಗಾಗಿ ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಮಿಕ್ಕಿದ್ದನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ, ಯಾವುದು ಕಣ್ಣಾರೆ ಕಂಡದ್ದು, ಯಾವುದು ಆಮೇಲೆ ಬಂದು ಸೇರಿಕೊಂಡದ್ದು ಎಂದು ನನಗೇ ಬೇರ್ಪಡಿಸಲು ಬರುವುದಿಲ್ಲ.

ಪೀಣ್ಯದ ಖಾಸಗಿ ಆಸ್ಪತ್ರೆಯೊಂದರಲ್ಲಿ ಹೆಂಗಸರ ವಾರ್ಡಿಗೆ ನಾನು ಇನ್‌ಚಾರ್ಜ್ ಸಿಸ್ಟರ್. ಬೆಳಗಿನ ಪಾಳಿಯವರು ಹೊರಡುವ, ಮಧ್ಯಾಹ್ನದವರು ಬರುವ ಹೊತ್ತು. ಆಸ್ಪತ್ರೆಯಲ್ಲಿ ಇದಕ್ಕಿಂತ ಗಲಿಬಿಲಿಯ ಹೊತ್ತು ಇನ್ನೊಂದಿಲ್ಲ. ಒಂದೇ ಜಾಗದಲ್ಲಿ ಎರಡು ಪಾಳಿಯ ಜನ. ಹೋಗುವವರ ಕಾಲು ಆಗಲೇ ಬಸ್‌ಸ್ಟಾಪಿನಲ್ಲಿರುತ್ತದೆ, ಬಂದವರ ತಲೆ ಇನ್ನೂ ಮನೆಯಲ್ಲಿರುತ್ತದೆ. ರೇಣುಕಾ ಸ್ಟೀಲ್ ಟ್ರೇ ಹಿಡಿದುಕೊಂಡು ಮಂಚಗಳ ನಡುವೆ ಬರುತ್ತಿದ್ದಳು. ಕೊಪ್ಪಳದ ಕಡೆಯ ಹುಡುಗಿ, ಚುರುಕು ನಡಿಗೆ. ಕಿಟಕಿ ಪಕ್ಕದ ಮಂಚದ ಹಿಂದಿನ ಪ್ಲಗ್ ಪಾಯಿಂಟ್ ಕೆಟ್ಟು ಬಹಳ ಕಾಲವಾಗಿತ್ತು. ಆ ಮಂಚದ ರೋಗಿಯ ಡ್ರಿಪ್ ಯಂತ್ರಕ್ಕೆ ಕರೆಂಟು ಎದುರಿನ ಗೋಡೆಯಿಂದ ಬರಬೇಕು. ನಡುವೆ ಓಡಾಡುವ ದಾರಿ. ದಾರಿಗೆ ಅಡ್ಡಲಾಗಿ ವೈರು. ವೈರಿನ ಮೇಲೆ ನಾವೇ ಅಂಟಿಸಿದ ಪ್ಲಾಸ್ಟರ್.

ನಮ್ಮ ಕಸುಬಿನವರಿಗೆ ಇದೊಂದು ಚಾಳಿ. ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನಲ್ಲಿ ನಾವು ಲೋಕವನ್ನೇ ರಿಪೇರಿ ಮಾಡುತ್ತೇವೆ. ಕಿತ್ತುಹೋದ ಸ್ವಿಚ್ಚಿಗೆ ಪ್ಲಾಸ್ಟರ್, ಮುರಿದ ಡ್ರಾಯರಿಗೆ ಪ್ಲಾಸ್ಟರ್, ಚಪ್ಪಲಿ ಉಂಗುಷ್ಠಕ್ಕೂ ಪ್ಲಾಸ್ಟರ್. ನೆಲದ ವೈರಿಗೆ ಹಚ್ಚಿದ್ದು ಒದ್ದೆ ಮಾಪು ಹತ್ತು ಸಲ ಮೇಲೆ ಹೋದರೆ ಅಂಚಿನಲ್ಲಿ ಏಳುತ್ತದೆ. ಎದ್ದದ್ದನ್ನು ಕಂಡವರು ಕಾಲಲ್ಲಿ ಒತ್ತಿ ಮುಂದೆ ಹೋಗುತ್ತಾರೆ.

ರೇಣುಕಾಳ ಚಪ್ಪಲಿ ಆ ಅಂಚಿಗೆ ಸಿಕ್ಕಿತು. ಟ್ರೇ ಉಳಿಸಲು ಮೈ ತಿರುಗಿಸಿದಳು. ಮಂಚದ ತಲೆಭಾಗ ಎತ್ತಲು ಕಾಲ ಕಡೆ ಒಂದು ಕಬ್ಬಿಣದ ಹಿಡಿಕೆ ಚಾಚಿಕೊಂಡಿರುತ್ತದಲ್ಲ, ಅದರ ಮೇಲೆ ಬಿದ್ದಳು. ಟ್ರೇ ನೆಲಕ್ಕೆ ಅಪ್ಪಳಿಸಿ ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಎಲ್ಲರಿಗೂ ಕೇಳಿಸಿದ್ದು ಟ್ರೇ ಸದ್ದು. ನನಗೆ ಆ ಸದ್ದಿನೊಳಗೆ ಇನ್ನೊಂದು ಸದ್ದು ಕೇಳಿಸಿತು, ಸಣ್ಣದು, ಒಣ ಸದ್ದು. ಕೇಳಿಸಿತೋ, ಕೇಳಿಸಿತೆಂದು ಅನ್ನಿಸಿತೋ.

ನಾನು ವಾರ್ಡಿನ ಆ ತುದಿಯಿಂದ ಬರುವಷ್ಟರಲ್ಲಿ ಅವಳನ್ನು ಎಬ್ಬಿಸಿಯಾಗಿತ್ತು. ಮಧ್ಯಾಹ್ನದ ಪಾಳಿಯ ಚೈತ್ರಾ ಒಂದು ರಟ್ಟೆ, ಆಯಾ ಲಕ್ಷ್ಮಮ್ಮ ಇನ್ನೊಂದು ರಟ್ಟೆ.

"ಏನೇ, ಡ್ಯೂಟಿ ಮುಗೀತು ಅಂತ ಇಲ್ಲೇ ಮಲ್ಕೊಂಡ್‌ಬಿಟ್ಯಾ?" ಎಂದಳು ಚೈತ್ರಾ.

"ಬೆಡ್ ಖಾಲಿ ಇರ್ಲಿಲ್ಲಲ್ಲ, ಅದಕ್ಕ ನೆಲಾನ ಹಿಡದೆ," ಎಂದು ರೇಣುಕಾ ನಕ್ಕಳು. ನಗುತ್ತಲೇ ಬಗ್ಗಿ ಇಂಜೆಕ್ಷನ್ ಬಾಟಲಿಗಳನ್ನು ಆರಿಸಿದಳು. "ಒಂದೂ ಒಡದಿಲ್ರಿ ಮೇಡಂ."

ರೋಗಿಗಳೂ ನಕ್ಕರು. ಯಾರೋ ನೀರು ಕೊಟ್ಟರು. ರೇಣುಕಾ ಕಿವಿಯ ಮೇಲ್ಭಾಗವನ್ನು ಅಂಗೈಯಲ್ಲಿ ಒಮ್ಮೆ ಉಜ್ಜಿಕೊಂಡಳು. ಅಷ್ಟೇ.

ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರು, ಹುಡುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅದೇ ಜಾಗದಲ್ಲಿ ರೋಗಿಯೊಬ್ಬಳು ಬಿದ್ದಿದ್ದರೆ? ನಾವು ಯಾರೂ ಅವಳ ರಟ್ಟೆಗೆ ಕೈ ಹಾಕುತ್ತಿರಲಿಲ್ಲ. ಮಲಗಿದ್ದಲ್ಲೇ ಕತ್ತು ಅಲ್ಲಾಡದ ಹಾಗೆ ಹಿಡಿಯುತ್ತಿದ್ದೆವು. ಹೆಸರು ಕೇಳುತ್ತಿದ್ದೆವು, ವಾರ ಕೇಳುತ್ತಿದ್ದೆವು, ಕಣ್ಣಿಗೆ ಟಾರ್ಚ್ ಬಿಡುತ್ತಿದ್ದೆವು, ಡಾಕ್ಟರು ಓಡಿ ಬರುತ್ತಿದ್ದರು. ಇದೆಲ್ಲ ನಿದ್ದೆಗಣ್ಣಲ್ಲೂ ಬರುವ ಪಾಠ. ಆದರೆ ಸಿಸ್ಟರ್ ಬಿದ್ದರೆ ಆ ಪಾಠ ಯಾರಿಗೂ ನೆನಪಾಗುವುದಿಲ್ಲ. ಬಿದ್ದವಳಿಗಂತೂ ಮೊದಲೇ ಆಗುವುದಿಲ್ಲ.

ಇದು ನಮಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನರ್ಸಿಂಗ್ ಓದುವಾಗ ಮೊದಲ ವರ್ಷವೇ ನಾನು ಫಿನಾಯಿಲ್ ನೀರಿನ ಮೇಲೆ ಜಾರಿ, ಬೆಡ್‌ಪ್ಯಾನ್ ಸಮೇತ ಬಿದ್ದಿದ್ದೆ. ನಮ್ಮ ಮೇಟ್ರನ್ ಬಾಗಿಲಲ್ಲೇ ನಿಂತಿದ್ದರು. ಎತ್ತರದ ಹೆಂಗಸು, ಗಂಜಿ ಹಾಕಿದ ಬಿಳಿ ಸೀರೆ. ಓಡಿ ಬಂದು ಎತ್ತುತ್ತಾರೆ ಎಂದುಕೊಂಡೆ. ನಿಂತಲ್ಲಿಂದಲೇ ತಣ್ಣಗೆ, "ಎದ್ದೇಳಮ್ಮ. ಪೇಶೆಂಟುಗಳು ನೋಡ್ತಿದಾರೆ. ನೀನೇ ಬಿದ್ರೆ ಅವರು ಯಾರನ್ನ ನಂಬ್ಬೇಕು?" ಎಂದರು. ಎದ್ದೆ. ಬಾಲಮೂಳೆಯ ನೋವಿಗೆ ತಿಂಗಳುಗಟ್ಟಲೆ ಒಂದೇ ಪಕ್ಕಕ್ಕೆ ಕೂತು ಪಾಠ ಕೇಳಿದೆ. ಆದರೂ ಆ ಮಾತು ಸರಿ ಅನ್ನಿಸಿತ್ತು. ಅವರು ಕೆಟ್ಟವರಲ್ಲ. ಸಂಜೆ ಹಾಸ್ಟೆಲಿಗೆ ಬಿಸಿನೀರಿನ ಚೀಲ ಕಳಿಸಿದ್ದರು, ಯಾರು ಕಳಿಸಿದ್ದೆಂದು ಹೇಳಬಾರದೆಂಬ ತಾಕೀತಿನೊಂದಿಗೆ.

ಆಮೇಲೆ ಎಷ್ಟು ಜನ ಬಿದ್ದದ್ದನ್ನು ನೋಡಿದೆ. ಊಟದ ಗಾಡಿಯಿಂದ ಸಾರು ತುಳುಕಿದ ರ್‍ಯಾಂಪಿನಲ್ಲಿ ಫಿಸಿಯೋಥೆರಪಿಯವರು ಜಾರಿದರು, ಎದ್ದು ಅದೇ ಕುಂಟುಗಾಲಲ್ಲಿ ರೋಗಿಗೆ ನಡಿಗೆ ಕಲಿಸಲು ಹೋದರು. ಎಕ್ಸ್‌ರೇ ಕೋಣೆಯ ಹೊಸ್ತಿಲು ಎಡವಿದವನು ಮುರಿದ ಮಣಿಕಟ್ಟಿನಲ್ಲೇ ಬೇರೆಯವರ ಎಕ್ಸ್‌ರೇ ತೆಗೆದು, ಕೊನೆಗೆ ತನ್ನದನ್ನು ತಾನೇ ತೆಗೆದುಕೊಂಡ. ಇವೆಲ್ಲ ನಮಗೆ ಟೀ ಹೊತ್ತಿನ ತಮಾಷೆಗಳು. ಸುತ್ತಲಿನ ಕಾರ್ಖಾನೆಗಳಿಂದ ಬೆರಳು ಜಜ್ಜಿಕೊಂಡು, ಪಾದದ ಮೇಲೆ ಕಬ್ಬಿಣ ಬೀಳಿಸಿಕೊಂಡು ಬರುವವರಿಗೆ, "ಸೇಫ್ಟಿ ಶೂ ಹಾಕ್ಕೊಂಡಿರ್ಲಿಲ್ವೇನಪ್ಪಾ?" ಎಂದು ಬೈಯುವವರೂ ನಾವೇ.

ಮತ್ತೆ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಅಲ್ಲಿಗೇ ಬರುತ್ತಿರುತ್ತೇನೆ.

ರೇಣುಕಾ ಹ್ಯಾಂಡೋವರ್ ಕೊಟ್ಟಳು. ಹ್ಯಾಂಡೋವರ್ ಎಂದರೆ ಒಂದೊಂದು ಮಂಚದ ಮುಂದೆ ನಿಂತು, ಯಾರಿಗೆ ಏನು ಕೊಟ್ಟಾಯಿತು, ಏನು ಬಾಕಿ ಎಂದು ಬಂದವರಿಗೆ ಒಪ್ಪಿಸುವುದು. ಕಿಟಕಿ ಪಕ್ಕದ ಅಜ್ಜಿಯ ಮುಂದೆ, "ಇವರಿಗೆ ಆಂಟಿಬಯೋಟಿಕ್ ಕೊಟ್ಟೀನಿ," ಎಂದಳು. ಮುಂದಿನ ಮಂಚಕ್ಕೆ ಹೋದಳು. ತಿರುಗಿ ಬಂದು, "ಇವರಿಗೆ ಆಂಟಿಬಯೋಟಿಕ್ ಕೊಟ್ಟೀನಿ," ಎಂದಳು. ಅದೇ ಮಾತು, ಅದೇ ಧಾಟಿ. ಚೈತ್ರಾ ಬರೆದುಕೊಳ್ಳುತ್ತಿದ್ದಳು, ಗಮನಿಸಲಿಲ್ಲ.

"ಡಾಕ್ಟ್ರಿಗೆ ತೋರಿಸ್ಕೊಂಡು ಹೋಗೇ," ಎಂದೆ.

"ಏ ಬಿಡ್ರಿ ಮೇಡಂ, ಇದಕ್ಕೆಲ್ಲ ಡಾಕ್ಟ್ರಾ? ಆಟೋ ತಪ್ಪತೈತಿ."

ಅಷ್ಟರಲ್ಲಿ ಹೊಸ ಅಡ್ಮಿಶನ್ ಬಂತು, ಸ್ಟ್ರೆಚರಿನ ಜೊತೆ ನಾಲ್ಕು ಜನ ಸಂಬಂಧಿಕರು. ಅವರನ್ನು ಸುಧಾರಿಸಿ ತಿರುಗಿದರೆ ರೇಣುಕಾ ಇಲ್ಲ. ನಾನು ಕೂತೆ. ಎದ್ದೆ. ಅವಳ ನಂಬರಿಗೆ ಫೋನ್ ಮಾಡಿದೆ, ರಿಂಗಾಗಿ ನಿಂತಿತು. ಆ ಎರಡು ಸಲ ಹೇಳಿದ ಒಂದೇ ಮಾತು, ಟ್ರೇ ಸದ್ದಿನೊಳಗಿನ ಸದ್ದು, ಕಿವಿಯ ಮೇಲೆ ಉಜ್ಜಿಕೊಂಡ ಕೈ. ಒಂದೊಂದೇ ಆಗಿ ಏನೂ ಅಲ್ಲ. ಮೂರೂ ಸೇರಿದ ಮೇಲೆ ನನಗೆ ಕೂರಲಾಗಲಿಲ್ಲ. ಚೈತ್ರಾಗೆ ವಾರ್ಡ್ ಒಪ್ಪಿಸಿ ಯೂನಿಫಾರಮ್ಮಿನಲ್ಲೇ ಇಳಿದೆ.

ಅವಳ ಮನೆ ಲಗ್ಗೆರೆಯಲ್ಲಿ. ಆ ಕಡೆಗೆ ಹೋಗುವ ಶೇರ್ ಆಟೋಗಳು ಹೆದ್ದಾರಿಯ ಆಚೆ ಬದಿ ನಿಲ್ಲುತ್ತವೆ. ಆ ಹೊತ್ತಿಗೆ ಕಾರ್ಖಾನೆಗಳೂ ಪಾಳಿ ಬಿಡುತ್ತವೆ. ಪಾದಚಾರಿಗಳ ಮೇಲ್ಸೇತುವೆ ಹತ್ತಿ ಇಳಿಯುವಾಗ ಎದುರಿಗೆ ಬರುವ ಜನರ ಭುಜ ತಾಗಿ ತಾಗಿ ನಾನೇ ಎರಡು ಸಲ ಮುಗ್ಗರಿಸಿದೆ. ರೇಣುಕಾ ಒಂದು ಆಟೋದ ಅಂಚಿನ ಸೀಟಿನಲ್ಲಿ ಕೂತಿದ್ದಳು. ಇನ್ನೊಬ್ಬ ಸವಾರಿ ಸಿಕ್ಕಿದ್ದರೆ ಆಟೋ ಹೊರಟಿರುತ್ತಿತ್ತು. ಈ ಒಂದು ವಿಷಯವನ್ನು ನಾನು ಇವತ್ತಿಗೂ ಪೂರ್ತಿ ಯೋಚಿಸಲಾರೆ, ಅರ್ಧಕ್ಕೆ ಬಿಟ್ಟುಬಿಡುತ್ತೇನೆ.

"ತಲೆ ನೋಯ್ತಿದೆಯಾ?"

"ಸ್ವಲ್ಪ ರೀ. ಬಿಸಲಿಗೆ," ಎಂದಳು. ಎಂದವಳೇ ಹೊರಗೆ ಬಗ್ಗಿ ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು, "ಮುಂಜಾನಿ ಉಪ್ಪಿಟ್ಟು ರೀ," ಎಂದಳು.

ತಲೆಗೆ ಪೆಟ್ಟು ಬಿದ್ದವರು ವಾಂತಿ ಮಾಡಿದರೆ ಅದು ಉಪ್ಪಿಟ್ಟಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಎಷ್ಟು ರೋಗಿಗಳ ಮನೆಯವರಿಗೆ ಅವಳೇ ಹೇಳಿ ಕಳಿಸಿದ್ದಳು.

ಕ್ಯಾಶುವಾಲ್ಟಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಹೊರಗೆ ಹೋಗಿದೆ ಎಂದರು. ಆಸ್ಪತ್ರೆಯ ಹಸಿರು ಬೋರ್ಡು ರಸ್ತೆಯ ಆ ಬದಿಗೆ ಕಾಣುತ್ತಿತ್ತು, ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ಇವಳನ್ನು ಮೇಲ್ಸೇತುವೆಯ ಮೆಟ್ಟಿಲು ಹತ್ತಿಸುವ ಹಾಗಿಲ್ಲ. ಆಟೋದಲ್ಲಿ ಹೋಗಬೇಕೆಂದರೆ ಮುಂದಿನ ಸಿಗ್ನಲ್‌ವರೆಗೆ ಹೋಗಿ, ಫ್ಲೈಓವರ್ ಕೆಳಗೆ ತಿರುಗಿಕೊಂಡು ಬರಬೇಕು.

"ಅಣ್ಣಾ, ಬೇರೆಯವರನ್ನ ಇಳಿಸಿ. ಆಸ್ಪತ್ರೆಗೆ ವಾಪಸ್ ನಡೀರಿ," ಎಂದೆ.

ಡ್ರೈವರ್ ನನ್ನ ಬಿಳಿ ಬಟ್ಟೆ ನೋಡಿದ, ಅವಳ ಮುಖ ನೋಡಿದ. ಕೂತಿದ್ದವರು ತಾವಾಗಿಯೇ ಇಳಿದರು.

ದಾರಿಯಲ್ಲಿ ಅವಳ ತಲೆಯನ್ನು ಎದೆಗೊತ್ತಿ ಹಿಡಿದುಕೊಂಡು ಕೇಳಿದೆ, "ರೇಣುಕಾ, ಇವತ್ತು ಯಾವ ವಾರ?"

"ಗುರುವಾರ ರೀ." ನಕ್ಕಳು. "ನನಗ ಕೇಳಾಕ ಹತ್ತೀರೇನು ಇದನ್ನ?"

ಲಾರಿಗಳ ಸಾಲು. ಒಂದು ಟ್ಯಾಂಕರ್ ಅಡ್ಡ ನಿಂತಿತ್ತು. ಮತ್ತೆ ಕೇಳಿದೆ. ಈ ಸಲ ತಡವಾಗಿ, "ನಾಳೆ ಶುಕ್ರವಾರ. ತಲಿಗೆ ಎರಕೋಬೇಕ್ರಿ," ಎಂದಳು. ಮೂರನೆಯ ಸಲ ಕೇಳಿದಾಗ ಏನೂ ಹೇಳಲಿಲ್ಲ. ಫೋನಿನ ಟಾರ್ಚ್ ಹಾಕಿ ರೆಪ್ಪೆ ಎತ್ತಿದೆ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಪುಸ್ತಕದಲ್ಲಿ ಓದಿದ್ದೆ, ರೋಗಿಗಳಲ್ಲಿ ನೋಡಿದ್ದೆ, ಮಡಿಲಲ್ಲಿ ಇಟ್ಟುಕೊಂಡು ನೋಡಿರಲಿಲ್ಲ.

"ಅಣ್ಣಾ, ಬೇಗ."

"ಸಿಗ್ನಲ್‌ಗಂಟ ಹೋದ್ರೆ ಆಗಲ್ಲ ಮೇಡಂ. ಇಲ್ಲೇ ಡಿವೈಡರ್ ಒಡ್ದೈತೆ, ಅದರ ಮೇಲೇ ಹತ್ತಿಸಿ ಆ ಕಡೆ ತಿರುಗಿಸ್ಬಿಡ್ತೀನಿ. ಪೊಲೀಸ್ನೋರು ಹಿಡಿದ್ರೆ ನೀವೇ ಮಾತಾಡ್ಬೇಕು," ಎಂದ. ಹಾರ್ನ್ ಮೇಲಿಟ್ಟ ಹೆಬ್ಬೆರಳನ್ನು ಆಸ್ಪತ್ರೆ ಗೇಟಿನವರೆಗೆ ತೆಗೆಯಲಿಲ್ಲ.

ತಲೆಬುರುಡೆಯ ಒಳಗೆ, ಮಿದುಳಿನ ಹೊದಿಕೆಯ ಮೇಲೆ ರಕ್ತ ಕಟ್ಟಿಕೊಳ್ಳುತ್ತಿತ್ತು. ಇಂಥ ಪೆಟ್ಟಿನಲ್ಲಿ ಮನುಷ್ಯ ಮೊದಲು ಎದ್ದು ಓಡಾಡುತ್ತಾನೆ, ನಗುತ್ತಾನೆ, ಮನೆಗೂ ಹೋಗುತ್ತಾನೆ. ಮಲಗಿದರೆ ಏಳುವುದಿಲ್ಲ. ಸ್ಕ್ಯಾನ್ ಆಯಿತು. ಮಿದುಳಿನ ಸರ್ಜನ್ ಬೇರೆ ಕಡೆಯಿಂದ ಬರಬೇಕಿತ್ತು, ಅವರೂ ಇದೇ ಟ್ರಾಫಿಕ್ಕಿನಲ್ಲಿ. ಬರುವವರೆಗೂ ನಾನು ಆಪರೇಷನ್ ಥಿಯೇಟರಿನ ಮುಂದಿನ ನೆಲವನ್ನು ನೋಡುತ್ತಾ ಅತ್ತಿಂದಿತ್ತ ನಡೆದೆ. ಎಲ್ಲಿ ಒದ್ದೆಯಿದೆ, ಎಲ್ಲಿ ಟೈಲ್ಸ್ ಎದ್ದಿದೆ, ಎಲ್ಲಿ ಮ್ಯಾಟಿನ ಮೂಲೆ ಮಡಚಿದೆ. ಇಷ್ಟು ವರ್ಷ ಓಡಾಡಿದ ನೆಲವನ್ನು ಅವತ್ತೇ ಮೊದಲು ನೋಡಿದ ಹಾಗಿತ್ತು.

ಅವಳ ಗಂಡ ಬಸವರಾಜ ಕಾರ್ಖಾನೆಯಿಂದ ನೇರ ಬಂದ. ಎಣ್ಣೆ ಕಲೆಯ ಅಂಗಿ. ಕೂಗಾಡಲಿಲ್ಲ. "ಬಿದ್ದ ಮ್ಯಾಲೆ ಡಾಕ್ಟ್ರು ನೋಡಿ ಏನಂದ್ರೀ ಮೇಡಂ?" ಎಂದು ಕೇಳಿದ. ಅಷ್ಟೊಂದು ಡಾಕ್ಟರಿರುವ ಕಟ್ಟಡದೊಳಗೆ ಹೆಂಡತಿ ಬಿದ್ದಿದ್ದಾಳೆ, ಒಬ್ಬರಾದರೂ ನೋಡಿಯೇ ಇರುತ್ತಾರೆ ಎಂದು ಅವನು ತಿಳಿದಿದ್ದ. ಲಕ್ಷ್ಮಮ್ಮ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಲಗ್ಗೆರೆಯಲ್ಲಿ ಅವಳದೇ ಮನೆಯ ಮೇಲಿನ ರೂಮಿನಲ್ಲಿ ಇವರು ಬಾಡಿಗೆಗಿದ್ದರು. "ನಾನೇ ಕಣಪ್ಪ ರಟ್ಟೆ ಇಡ್ದು ಎತ್ತಿದ್ದು," ಎಂದು ಒಂದೇ ಸಮನೆ ಹೇಳುತ್ತಿದ್ದಳು.

ರೇಣುಕಾ ಬದುಕಿದಳು. ಎಚ್ಚರವಾದಾಗ ಬೋಳಿಸಿದ ತಲೆಯ ಬ್ಯಾಂಡೇಜು ಮುಟ್ಟಿ ನೋಡಿಕೊಂಡು, "ತಲಿಗೆ ಎರಕೊಳ್ಳೋ ಕೆಲಸ ಉಳೀತ್ ನೋಡ್ರಿ," ಎಂದಳು. ನಾನು ಹೊರಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ವಿಚಾರಣೆಯ ಮೀಟಿಂಗ್ ಆಯಿತು. ನಮ್ಮ ಆಡಳಿತಾಧಿಕಾರಿ ಒಳ್ಳೆಯ ಇಸ್ತ್ರಿಯ ಮನುಷ್ಯ. "ಅವರು ಸ್ವಲ್ಪ ನೋಡ್ಕೊಂಡು ನಡೀಬೇಕಿತ್ತು. 'ನೋಡಿ ನಡೆಯಿರಿ' ಅಂತ ಎಲ್ಲಾ ಫ್ಲೋರಲ್ಲೂ ಬೋರ್ಡ್ ಹಾಕ್ಸೋಣ," ಎಂದರು.

"ಸಾರ್, ಎರಡೂ ಕೈಯಲ್ಲಿ ಟ್ರೇ ಹಿಡಿದವಳಿಗೆ ತನ್ನ ಪಾದ ಕಾಣಲ್ಲ. ಬೋರ್ಡ್ ಓದ್ತಾ ಹೋದ್ರೆ ಇನ್ನೂ ಬೇಗ ಬೀಳ್ತಾಳೆ. ಪ್ಲಗ್ ಪಾಯಿಂಟ್ ಸರಿ ಮಾಡ್ಸಿ," ಎಂದೆ. ಪ್ಲಗ್ ಪಾಯಿಂಟ್ ಆ ವಾರವೇ ಸರಿಹೋಯಿತು, ಅರ್ಧ ದಿನದ ಕೆಲಸ. ಬೋರ್ಡೂ ಬಂತು. ಅದರ ಸ್ಟ್ಯಾಂಡು ಎಡವಿ ಲ್ಯಾಬಿನ ಹುಡುಗಿ ಬಿದ್ದ ಮೇಲೆ ಅದನ್ನು ಉಗ್ರಾಣಕ್ಕೆ ಹಾಕಿದರು.

ನಾನು ಹಟ ಹಿಡಿದದ್ದು ಇನ್ನೊಂದಕ್ಕೆ. ಆಸ್ಪತ್ರೆಯೊಳಗೆ ಯಾರೇ ಬೀಳಲಿ, ಸಿಸ್ಟರೋ ಸರ್ಜನ್ನೋ ಸೆಕ್ಯೂರಿಟಿಯೋ, ಬಿದ್ದಲ್ಲೇ ಮಲಗಿರಬೇಕು. ರೋಗಿಯನ್ನು ನೋಡುವ ಹಾಗೆ ಪೂರ್ತಿ ನೋಡಿದ ಮೇಲೆಯೇ ಏಳಬೇಕು. ಕೇಳಲು ಸುಲಭ. ಮಾಡಿಸುವಾಗ ಜೀವ ಹೋಯಿತು. ನೋವನ್ನಾದರೂ ತಡೆದಾರು, ನಾಲ್ಕು ಜನರ ನಡುವೆ ನೆಲದ ಮೇಲೆ ಮಲಗಿರುವ ನಾಚಿಕೆಯನ್ನು ನಮ್ಮವರು ತಡೆಯಲಾರರು. ಬಿದ್ದವರು ಸ್ಪ್ರಿಂಗಿನಂತೆ ಎದ್ದು, ನನ್ನ ಕಣ್ಣು ತಪ್ಪಿಸಿ ಓಡುತ್ತಿದ್ದರು. ನಾನು ಟಾರ್ಚ್ ಹಿಡಿದು ಹಿಂದೆ. "ಮೇಡಂ ಬಂದ್ರು, ಬೀಳ್ಬೇಡ್ರೋ," ಎಂದು ವಾರ್ಡ್ ಬಾಯ್‌ಗಳು ಕಿಚಾಯಿಸುತ್ತಿದ್ದರು.

ಇದನ್ನು ತಿರುಗಿಸಿದವಳು ಲಕ್ಷ್ಮಮ್ಮ. ನಮ್ಮ ಮೂಳೆ ಸರ್ಜನ್, ಎಲ್ಲರೂ ಹೆದರುವ ಮನುಷ್ಯ, ರ್‍ಯಾಂಪಿನಲ್ಲಿ ಜಾರಿ ಬಿದ್ದರು. ಏಳಲು ಹೊರಟವರ ಎದುರು ಲಕ್ಷ್ಮಮ್ಮ ಮಾಪು ಅಡ್ಡ ಇಟ್ಟು ನಿಂತಳು.

"ಅಲ್ಲಾಡ್ಬ್ಯಾಡಿ ಸಾ. ಇಂಗೇ ಮನಿಕ್ಕಳಿ."

"ಏನ್ ಲಕ್ಷ್ಮಮ್ಮ ಇದು, ಬಿಡು, ನನಗೆ ಓಪಿ ಇದೆ, ಪೇಶೆಂಟುಗಳು ಕಾಯ್ತಿದಾರೆ."

"ಓಪಿ ಆಮೇಲೆ. ಇವತ್ತು ಯಾವ ವಾರ ಯೇಳಿ."

ಸರ್ಜನ್ ಒಂದು ಗಳಿಗೆ ಯೋಚಿಸಿ ತಪ್ಪು ವಾರ ಹೇಳಿದರು. ಪೆಟ್ಟೇನೂ ಆಗಿರಲಿಲ್ಲ, ಅವರಿಗೆ ಯಾವತ್ತೂ ವಾರ ನೆನಪಿರುತ್ತಿರಲಿಲ್ಲ. ಆದರೆ ಲಕ್ಷ್ಮಮ್ಮ ಬಿಡಲಿಲ್ಲ. ನಾವು ಬಂದು ಕತ್ತು ಹಿಡಿದು, ಸ್ಟ್ರೆಚರಿಗೆ ಹಾಕಿ, ಅವರದೇ ಓಪಿಯಲ್ಲಿ ಕಾಯುತ್ತಿದ್ದ ರೋಗಿಗಳ ಮುಂದೆಯೇ ತಳ್ಳಿಕೊಂಡು ಹೋದೆವು. ದೊಡ್ಡ ಡಾಕ್ಟರೇ ಮಲಗಿದ ಮೇಲೆ ಮಿಕ್ಕವರ ನಾಚಿಕೆ ಸ್ವಲ್ಪ ಸ್ವಲ್ಪವೇ ಬಿಟ್ಟಿತು.

ನನ್ನ ಕಳವಳ ಮಾತ್ರ ಬಿಡಲಿಲ್ಲ. ರೇಣುಕಾ ಕೆಲಸಕ್ಕೆ ವಾಪಸ್ ಬಂದಳು, ಕೂದಲು ಬೆಳೆಯಿತು. ಮೊದಲ ತಿಂಗಳುಗಳಲ್ಲಿ ನೆಲ ಓದುವವಳಂತೆ ತಲೆ ತಗ್ಗಿಸಿ ನಡೆಯುತ್ತಿದ್ದಳು. ಆಮೇಲೆ ಅವಳಿಗೇ ಅದು ಮರೆತುಹೋಯಿತು. ನನಗೆ ಮನೆಯಲ್ಲಿ ಸ್ಟೀಲ್ ತಟ್ಟೆ ಸದ್ದಾದರೆ ಎದೆ ಹಾರುತ್ತಿತ್ತು. ನಮ್ಮ ಯಜಮಾನರು ತಟ್ಟೆಗಳನ್ನು ಬಟ್ಟೆಯ ಮೇಲೆ ಬೋರಲು ಹಾಕುವುದನ್ನು ಕಲಿತರು. ನಿದ್ದೆ ಹತ್ತುತ್ತಿತ್ತು, ಒಂದಿಷ್ಟು ಹೊತ್ತಿಗೆ ಕನಸಿನಲ್ಲಿ ಆ ಆಟೋ ಬಂದು ನಿಲ್ಲುತ್ತಿತ್ತು. ಒಮ್ಮೆ ಅಂಚಿನ ಸೀಟು ಖಾಲಿ. ಒಮ್ಮೆ ಆಟೋ ಹೊರಟೇ ಹೋಗಿರುತ್ತಿತ್ತು. ಮಾತ್ರೆ ತಗೊಂಡೆ, ಬಿಟ್ಟೆ. ಅವಳೇ ಒಮ್ಮೆ, "ಬದುಕೀನಲ್ರಿ ಮೇಡಂ, ಇನ್ನೂ ಯಾಕ್ ಅಂಜತೀರಿ?" ಎಂದು ಕೇಳಿದಳು. ಬದುಕಿದ್ದಾಳೆ ಎಂಬುದು ಹಗಲಲ್ಲಿ ಗೊತ್ತಾಗುತ್ತಿತ್ತು. ಮುಂದೆ ಬೀಳುವವಳನ್ನು ಮತ್ತೆ ರಟ್ಟೆ ಹಿಡಿದು ಎಬ್ಬಿಸುತ್ತಾರೆ, ಆಗ ನಾನು ಅಲ್ಲಿರುವುದಿಲ್ಲ ಎಂಬುದು ಮಲಗಿದ ಮೇಲೆ.

ನಿವೃತ್ತಿಯ ದಿನ ಬಂತು. ಸಭಾಂಗಣದಲ್ಲಿ ಬೀಳ್ಕೊಡುಗೆ. ನಾನು ಮೈಸೂರು ಸಿಲ್ಕ್ ಉಟ್ಟಿದ್ದೆ, ಕೊರಳಲ್ಲಿ ಸುಗಂಧರಾಜದ ಹಾರ. ಆಡಳಿತಾಧಿಕಾರಿ ನನ್ನ ಶಿಸ್ತನ್ನು ಹೊಗಳಿ ಮುಗಿಸಿ, ಎರಡು ಮಾತಾಡಿ ಎಂದು ಕರೆದರು. ವೇದಿಕೆಗೆ ಹತ್ತಲು ಹೋದೆ. ಮೈಕಿನ ವೈರು ದಾರಿಗೆ ಅಡ್ಡ ಬಿದ್ದಿತ್ತು.

ಬಿದ್ದ ಸದ್ದು ಮೈಕಿನಲ್ಲೂ ಬಂತು. ಕೈಯೂರಿ ಏಳಲು ನೋಡಿದೆ, ನಗಲೂ ನೋಡಿದೆ. ಎರಡು ಅಂಗೈಗಳು ನನ್ನ ತಲೆಯನ್ನು ಎರಡೂ ಬದಿಯಿಂದ ಹಿಡಿದವು.

"ಏಳಂಗಿಲ್ರಿ ಮೇಡಂ," ಎಂದಳು ರೇಣುಕಾ.

"ಏನೂ ಆಗಿಲ್ಲ ಕಣೇ. ಸೀರೆ ಹಾಳಾಗ್ತಿದೆ. ಎಲ್ರೂ ನೋಡ್ತಿದಾರೆ."

"ನೋಡ್ಲಿ. ಇವತ್ತು ಯಾವ ವಾರ?"

"ಶನಿವಾರ. ಬಿಡೇ."

ಚೈತ್ರಾ ಆಗಲೇ ಟಾರ್ಚ್ ತೆಗೆದಿದ್ದಳು. "ಕಾರ್ಯಕ್ರಮ..." ಎಂದು ಆಡಳಿತಾಧಿಕಾರಿ ಶುರುಮಾಡಿದರು. "ಅದು ಆಮೇಲೆ ಸಾ," ಎಂದಳು ಲಕ್ಷ್ಮಮ್ಮ. ಕಳೆದ ವಾರವಷ್ಟೇ ಸೇರಿದ ಹುಡುಗಿಯರು, ನನ್ನ ಹೆಸರೂ ಸರಿಯಾಗಿ ಗೊತ್ತಿಲ್ಲದವರು, ಮಂಡಿಯೂರಿ ನನ್ನ ಕಾಲ್ಬೆರಳು ಒತ್ತಿ, "ಗೊತ್ತಾಗ್ತಿದ್ಯಾ ಮೇಡಂ? ಇದು?" ಎಂದು ಕೇಳುತ್ತಿದ್ದರು. ಒಬ್ಬರೂ ನಗಲಿಲ್ಲ. ಹಾರದ ಹೂವು ಕಿವಿಗೆ ಚುಚ್ಚುತ್ತಿತ್ತು. ನಾನು ಸೀಲಿಂಗ್ ಫ್ಯಾನ್ ನೋಡುತ್ತಾ ಮಲಗಿದ್ದೆ. ನನ್ನ ಭಾಷಣ ಯಾರಿಗೂ ಬೇಕಿರಲಿಲ್ಲ.

ಹಣೆಗೆ ಪೆಟ್ಟಾಗಿದ್ದರಿಂದ ಒಂದು ದಿನ ನನ್ನದೇ ವಾರ್ಡಿನಲ್ಲಿ ಇಟ್ಟುಕೊಂಡರು. ಕಣ್ಣು ಮುಚ್ಚಿದಾಗಲೆಲ್ಲ ಬಂದು ಎಬ್ಬಿಸಿ ಟಾರ್ಚ್ ಬಿಟ್ಟರು, ವಾರ ಕೇಳಿದರು. ಬೈದೆ. ಬೈಸಿಕೊಂಡು ಮತ್ತೆ ಬಂದರು.

ಮಾರನೆಯ ದಿನ ಮನೆಗೆ ಬಂದು ರಾತ್ರಿ ಮಲಗಿದೆ. ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಬಿಸಿಲು, ಬೀದಿಯಲ್ಲಿ ಸೊಪ್ಪಿನವಳ ಕೂಗು. ನಮ್ಮವರು ಕಾಫಿ ಹಿಡಿದು ಬಾಗಿಲಲ್ಲಿ ಅಪರಾಧಿಯ ಹಾಗೆ ನಿಂತಿದ್ದರು.

"ತಪ್ಪಾಯ್ತು ಕಣೆ. ಕತ್ತಲಲ್ಲಿ ನೀರಿಗೆ ಅಂತ ಹೋದೆ, ಕೈ ತಾಗಿ ಸ್ಟೀಲ್ ತಟ್ಟೆಗಳೆಲ್ಲ ಒಟ್ಟಿಗೆ ಬಿದ್ದುಬಿಟ್ವು. ಎದ್ದು ಕೂತಿರ್ತೀಯ ಅಂತ ಬಂದು ನೋಡ್ದೆ."

"ಯಾವಾಗ?" ಎಂದೆ.